ಏನನ್ನೂ ಮಾಡದ ‘ಡು’

ಕೆಲವು ವರ್ಷಗಳ ಹಿಂದೆ ಕಾಲೇಜಿನ ಮೊದಲನೆಯ ವರ್ಷದ ತರಗತಿಯಲ್ಲಿ ವಿದ್ಯಾರ್ಥಿಗಳ ಇಂಗ್ಲೀಷು ಪ್ರಬಂಧಗಳನ್ನು ತಿದ್ದಿ ಹಿಂದಕ್ಕೆ ಕೊಡುತ್ತಿದ್ದೆ. ಹಳ್ಳಿಯಿಂದ ಬಂದಿದ್ದ ಹುಡುಗನೊಬ್ಬನ ಕಾಗದದಲ್ಲಿ ‘ಡಿಡ್ ನಾಟ್ ವೆಂಟ್’ ಎಂಬುದು ಐದಾರು ಕಡೆ ಬಂದಿತ್ತು. ಐದಾರು ಕಡೆಯೂ ಕೆಂಪು ಮಸಿಯಿಂದ ಗೆರೆ ಎಳೆದಿದ್ದೆ. ಹುಡುಗನು ಕಾಗದವನ್ನು ತೆಗೆದುಕೊಂಡು ತನ್ನ ಸ್ಥಳಕ್ಕೆ ಹೋಗದೆ ಮೇಜಿನ ಬಳಿಯೇ ನಿಂತನು. “ಸಾರ್, ‘ಡು’ ಎಂದರೆ ಮಾಡು ಎಂದಲ್ಲವೆ? ‘ಐ ಡು ನಾಟ್ ನೋ’ ಎಂದಾಗ ನಾನು ಏನನ್ನು ಮಾಡುತ್ತೇನೆ?” ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕೆ. “ಅದು ಆ ಭಾಷೆಯ ರೂಢಿ, ಕಲಿತುಕೊಳ್ಳಪ್ಪ” ಎಂದು ಹೇಳಿ ಅವನನ್ನು ಕೂರಿಸಿದೆ.

ರೂಢಿ ಎಂಬ ಮಾತು ಉಪಾಧ್ಯಾಯನಿಗೆ ಒಳ್ಳೆಯ ಮರೆ. ತನಗೆ ತಿಳಿಯದುದನ್ನೆಲ್ಲ ಅದರ ಹಿಂದೆ ಬಚ್ಚಿಡಬಹುದು. ಆದರೆ ಆ ಸಂಜೆ ಮನೆಗೆ ನಡೆದು ಹೋಗುವಾಗ ಹುಡುಗನ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಇಂಗ್ಲೀಷನ್ನು ಓದಿ, ಅದರಿಂದಲೇ ಅನ್ನವನ್ನು ಸಂಪಾದಿಸುತ್ತಿರುವವನಿಗೆ, ದಿನಕ್ಕೆ ನೂರು ಸಲ ತನ್ನ ಬಾಯಿಂದ ಹೊರಡುವ ಮಾತಿನ ಅರ್ಥವೇನೆಂದು ಹೇಳಲು ಬರಲಿಲ್ಲವಲ್ಲ! ಅಂದು ಕೊಡದ ಉತ್ತರವನ್ನು ಇಂದು ಸಾವಕಾಶವಾಗಿ ಕೊಡಬೇಕೆಂಬುದೇ ಈ ಭಾಷಣದ ಉದ್ದೇಶ.

‘ಡು’ ಎಂಬುದು ಒಂದೇ ಪದವೆಂದು ತಿಳಿಯುವುದರಿಂದ ತೊಡಕು ಹುಟ್ಟುತ್ತದೆ. ರೂಪ ಒಂದಾದರೂ ಇಂದಿನ ಇಂಗ್ಲೀಷಿನಲ್ಲಿ ಅದು ಎರಡು ಪದಗಳೆಂದೇ ಎಣಿಸಬೇಕು. ‘ಐ ಡಿಡ್ ದಿ ಸಮ್’, ಲೆಕ್ಕವನ್ನು ಮಾಡಿದೆ, ಎಂಬಲ್ಲಿ ಅದು ಮನೆಯ ಯಜಮಾನ. ‘ಐ ಡಿಡ್ ನಾಟ್ ಸೀ’, ನಾನು ನೋಡಲಿಲ್ಲ, ಎಂಬಲ್ಲಿ ಅದು ಆಳು. ಯಜಮಾನನಿಗೂ ಆಳಿಗೂ ಒಂದೇ ಹೆಸರಿರುವ ಮನೆಗೆ ಹೋದವನು ಯಾರನ್ನು ಕರೆದರೆ ಯಾರು ಬರುವರೋ ಎಂದು ತಬ್ಬಿಬ್ಬಾಗುವುದು ಸಹಜ. ‘ಐ ಡಿಡ್ ನಾಟ್ ಡು ದಿ ಸಮ್’ ಎಂದರಂತೂ ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಮ್ಮ ನಿಘಂಟುಗಳೂ ಪಾಠಶಾಲೆಗಳೂ ಯಜಮಾನನ ಪರಿಚಯವನ್ನು ಮೊದಲ ದಿನವೇ ಮಾಡಿಕೊಡುತ್ತವೆ: ಡು ಎಂದರೆ ಮಾಡು. ಆಳಿನ ಪರಿಚಯವನ್ನು ಮಾತ್ರ ಯಾರೂ ಮಾಡಿಕೊಡುವುದಿಲ್ಲ. ಆದರೆ ಮನೆಯ ಕೆಲಸವೆಲ್ಲ ನಡೆಯುವುದು ಅವನಿಂದಲೇ.

ಯಜಮಾನನ ವಂಶವನ್ನು ಮೊದಲು ನೋಡೋಣ. ಅದು ನಮಗೆ ಅಪರಿಚಿತವಾದ ವಂಶವಲ್ಲ. ಸಂಸ್ಕೃತಕ್ಕೂ ಯೂರೋಪಿನ ಭಾಷೆಗಳಿಗೂ ಇರುವ ನಂಟನ್ನು ಸರ್ ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಹೇಳಿದುದು ಪ್ರಸಿದ್ಧವಾಗಿದೆ. ಸಂಸ್ಕೃತದಲ್ಲಿ ಧಕಾರವಿರುವಲ್ಲಿ ಇಂಗ್ಲೀಷಿನಲ್ಲಿ ಡಕಾರದ ಧ್ವನಿ ಬರುವುದನ್ನು ಅನೇಕ ಪದಗಳಲ್ಲಿ ಕಾಣಬಹುದು. ನಮ್ಮ ‘ವಿಧವಾ’ ಅವರ ‘ವಿಡೋ’. ನಮ್ಮ ‘ಮಧು’ ಅವರ ‘ಮೀಡ್’ ಎಂಬ ಜೇನಿನ ಮದ್ಯ. ಇದೇ ನಿಯಮದ ಪ್ರಕಾರ ‘ಡು’ ಎಂಬುದು ನಮ್ಮ ‘ಧಾ’ ಧಾತುವಿನ ದಾಯಾದಿ. ಧಾ ಎಂದರೆ ಇಡು, ಸ್ಥಾಪಿಸು. ನಿಧಿ, ಸಂಧಿ, ವಿಧಾನ, ಶ್ರದ್ಧೆ ಇವೆಲ್ಲ ಆ ಧಾತುವಿನ ಮಕ್ಕಳೇ. ಮುಂದೆ ಇಡಲ್ಪಟ್ಟವನೇ ಪುರೋಹಿತ. ಲ್ಯಾಟಿನ್ನಿನಲ್ಲಿ ‘ಮಾಡು’ ಎಂಬರ್ಥದ ಕ್ರಿಯಾಪದವೂ, ಅದರಿಂದ ಹುಟ್ಟಿದ ‘ಫ್ಯಾಕ್ಟ್’ ಎಂಬ ಪದವೂ ಇದೇ ಮೂಲದವು. ಹೀಗೆ, ‘ಡು’ ಶಬ್ದದ ಅತಿ ಪ್ರಾಚೀನವಾದ ಅರ್ಥ ಮಾಡು ಎಂಬುದೇ ಅಲ್ಲ, ಇಡು ಎಂಬುದು. ಆ ಹಳೆಯ ಅರ್ಥ ಇಂಗ್ಲೀಷಿನಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಉಡುಪನ್ನು ತೊಡುವುದಕ್ಕೆ ‘ಡಾನ್’ ಎನ್ನುತ್ತಾರೆ. ಅದು ‘ಡು ಆನ್’, ಮೇಲೆ ಇಡು, ಎಂಬುದರ ಕುಗ್ಗಿದ ರೂಪ. ಟೋಪಿಯನ್ನು ತೆಗೆಯುವುದಕ್ಕೆ ‘ಡಾಫ್’ ಎನ್ನುವುದು ‘ಡು ಆಫ್’.

ಈ ವಂಶದಲ್ಲಿ ನನಗೆ ಬಹಳ ಸೋಜಿಗವನ್ನುಂಟುಮಾಡಿದ ಪದ ‘ಡೂಮ್’. ಅದೂ ‘ಡು’ ಶಬ್ದದ ಬಳಗದ್ದೇ. ಹಳೆಯ ಇಂಗ್ಲೀಷಿನಲ್ಲಿ ಅದಕ್ಕೆ ಇಟ್ಟದ್ದು, ಕಟ್ಟಳೆ, ತೀರ್ಪು ಎಂಬ ಅರ್ಥಗಳಿದ್ದುವು. ಒಂದನೆಯ ವಿಲಿಯಂ ದೊರೆ 1086ರಲ್ಲಿ ದೇಶದ ಭೂಮಿಕಾಣಿಗಳನ್ನೆಲ್ಲ ಬರೆಯಿಸಿದ ಪುಸ್ತಕಕ್ಕೆ ಜನರು ‘ಡೂಮ್ಸ್‌ಡೇ’ ಎಂದು ಹೆಸರಿಟ್ಟುದು, ತೀರ್ಪಿನ ದಿನದಂತೆ ಅದಕ್ಕೆ ಮೇಲ್ಮನವಿ ಇಲ್ಲವೆಂಬ ಕಾರಣದಿಂದ. ಕಾಲಕ್ರಮದಲ್ಲಿ ಆ ಶಬ್ದದ ಅರ್ಥ ಕಟ್ಟಳೆಯಿಂದ ತೀರ್ಪಿಗೆ, ತೀರ್ಪಿನಿಂದ ಹಣೆಬರಹಕ್ಕೆ, ಅಲ್ಲಿಂದ ಕೇಡಿಗೆ ಸರಿಯಿತು. ಈಗ ನಮ್ಮ ‘ವಿಧಿ’ಯನ್ನು ನೋಡಿ. ಶಾಸ್ತ್ರದ ಕಟ್ಟಳೆಯೂ ವಿಧಿ. ‘ವಿಧಿಯಾಟ’ ಎಂದು ನಿಟ್ಟುಸಿರು ಬಿಡುವಾಗ ಹಣೆಬರಹವೂ ವಿಧಿಯೇ. ಒಂದೇ ಮೂಲದಿಂದ ಹೊರಟ ಎರಡು ಶಬ್ದಗಳು, ಒಂದು ಗಂಗೆಯ ದಡದಲ್ಲಿ, ಇನ್ನೊಂದು ಥೇಮ್ಸ್ ನದಿಯ ದಡದಲ್ಲಿ, ಒಂದನ್ನೊಂದು ಕಾಣದೆ ಒಂದೇ ದಾರಿಯಲ್ಲಿ ನಡೆದುವು.

ಇಂದಿನ ಯಜಮಾನನ ವ್ಯವಹಾರವನ್ನು ಬೇಗ ಮುಗಿಸುತ್ತೇನೆ. ನಮ್ಮವರಿಗೆ ಅಲ್ಲಿ ಇರುವ ಕಷ್ಟ ಮುಖ್ಯವಾಗಿ ಒಂದು: ಕನ್ನಡದ ‘ಮಾಡು’ ಒಂದೇ, ಇಂಗ್ಲೀಷಿನಲ್ಲಿ ಅದಕ್ಕೆ ‘ಡು’ ಮತ್ತು ‘ಮೇಕ್’ ಎಂದು ಎರಡು. ನಾವು ಅಡಿಗೆ ಮಾಡುತ್ತೇವೆ, ಲೆಕ್ಕ ಮಾಡುತ್ತೇವೆ, ತಪ್ಪು ಮಾಡುತ್ತೇವೆ, ನಿದ್ದೆಯನ್ನು ಸಹ ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಒಂದು ವಸ್ತು ಉಳಿದರೆ ‘ಮೇಕ್’, ಕೆಲಸವೇ ಮುಖ್ಯವಾದರೆ ‘ಡು’ ಎಂಬ ಸೂತ್ರ ಬಡಗಿಯ ಕುರ್ಚಿಗೂ ಹುಡುಗನ ಲೆಕ್ಕಕ್ಕೂ ಒಪ್ಪುತ್ತದೆ. ತಪ್ಪಿಗೆ ಮಾತ್ರ ‘ಮೇಕ್’ ಏಕೆಂದು ಕೇಳಿದರೆ, ಮಾಡಿದ ತಪ್ಪು ಮಾಡಿದವನ ಹಿಂದೆ ಉಳಿಯುತ್ತದೆ ಎಂದು ತರಗತಿಯಲ್ಲಿ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅದು ಜಾಣ ಉತ್ತರ, ನಿಜವಾದ ಉತ್ತರವಲ್ಲ. ಅಲ್ಲಿ ಬಾಯಿಪಾಠವೇ ಗತಿ. ‘ದಟ್ ವಿಲ್ ಡು’ ಎಂದರೆ ಮಾತ್ರ ‘ಅದು ಮಾಡುತ್ತದೆ’ ಎಂದಲ್ಲ, ‘ಸಾಕು’ ಎಂದು. ನನ್ನ ಗುರುಗಳೊಬ್ಬರು ಹೀಗೆಂದಾಗ, ಹೊಗಳಿದರೆಂದು ತಿಳಿದು ನಾನು ಇನ್ನೂ ಒಂದು ಪುಟವನ್ನು ಗಟ್ಟಿಯಾಗಿ ಓದಿದುದುಂಟು.

ಇನ್ನು ಆಳಿನ ಮಾತು. ಅವನು ಈ ಮನೆಗೆ ಯಾವಾಗ ಬಂದನು? ಹಳೆಯ ಇಂಗ್ಲೀಷಿನಲ್ಲಿ ಅವನಿರಲಿಲ್ಲವೆಂದೇ ಹೇಳಬಹುದು. ಆಗಿನವರು ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದವನ್ನು ಕರ್ತೃವಿನ ಹಿಂದಿನಿಂದ ಮುಂದಕ್ಕೆ ತರುತ್ತಿದ್ದರು, ಅಷ್ಟೆ: ‘ನೋ ಯು?’ ಎಂದರೆ ಬಲ್ಲೆಯಾ ಎಂದು. ನಿಷೇಧಕ್ಕೆ ನಿಷೇಧದ ಮಾತೊಂದನ್ನು ಕ್ರಿಯಾಪದದೊಡನೆ ಸೇರಿಸಿದರೆ ತೀರಿತು: ‘ಐ ನೋ ನಾಟ್’ ಎಂಬುದು ಆ ಬಗೆಯದು. ಜರ್ಮನರು ಇಂದಿಗೂ ಹೀಗೆಯೇ ಮಾತನಾಡುತ್ತಾರೆ. ಹದಿಮೂರನೆಯ ಶತಮಾನದಲ್ಲಿ, ಇಂಗ್ಲೆಂಡಿನ ನೈರುತ್ಯ ಭಾಗದ ಗ್ರಂಥಗಳಲ್ಲಿ, ಅರ್ಥವಿಲ್ಲದ ಈ ‘ಡು’ ಮೊದಲು ತಲೆದೋರುತ್ತದೆ. ಅದು ಹೇಗೆ ಹುಟ್ಟಿತೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆ ಸೀಮೆಗೆ ನೆರೆಯವರಾದ ವೇಲ್ಸ್ ಮತ್ತು ಕಾರ್ನ್‌ವಾಲ್ ಜನರ ಕೆಲ್ಟಿಕ್ ಭಾಷೆಗಳಲ್ಲಿ ‘ಮಾಡು’ ಎಂಬರ್ಥದ ಕ್ರಿಯಾಪದವನ್ನು ಹೀಗೆಯೇ ಬೇರೊಂದು ಕ್ರಿಯೆಗೆ ಜೋಡಿಸುವ ಪದ್ಧತಿಯುಂಟು. ಅಲ್ಲಿಂದ ಬಂದಿತೆಂದು ಕೆಲವರ ಮತ.

ಸ್ವೀಡನ್ ದೇಶದ ಆಲ್ವಾರ್ ಎಲ್ಲೆಗೋರ್ಡ್ ಎಂಬ ವಿದ್ವಾಂಸನು 1953ರಲ್ಲಿ ಈ ಒಂದು ಸಹಾಯಕ ಕ್ರಿಯಾಪದವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಅವನ ಮತ ಬೇರೆ. ಒಂದು ಕಾಲದಲ್ಲಿ ‘ಡು’ ಶಬ್ದಕ್ಕೆ ಮಾಡಿಸು ಎಂಬ ಅರ್ಥವಿತ್ತು; ‘ದೊರೆ ಡಿಡ್ ಬಿಲ್ಡ್ ಕೋಟೆ’ ಎಂದರೆ ದೊರೆ ಕೋಟೆಯನ್ನು ಕಟ್ಟಿಸಿದನೆಂದು. ಆದರೆ ದೊರೆಗಳ ವಿಷಯದಲ್ಲಿ ಕಟ್ಟಿಸಿದನು ಎಂದರೂ ಕಟ್ಟಿದನು ಎಂದರೂ ಫಲ ಒಂದೇ. ಬೇಲೂರಿನ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದನೆಂದು ವ್ಯಾಕರಣ ಬಲ್ಲವರು ಬರೆಯುತ್ತಾರೆ. ಕಟ್ಟಿದನೆಂದು ಉಳಿದವರು ಹೇಳುತ್ತಾರೆ. ಯಾವ ಕೇಳುಗನೂ ಮಹಾರಾಜನು ಕಲ್ಲು ಹೊತ್ತನೆಂದು ತಿಳಿಯುವುದಿಲ್ಲ. ಹೀಗೆ ‘ಇಸು’ ಪ್ರತ್ಯಯದಂತಿದ್ದ ‘ಡು’ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುವಂತಾಗಿ, ಕೊನೆಗೆ ಅರ್ಥವನ್ನು ಕಳೆದುಕೊಂಡು ಉಳಿಯಿತು ಎಂಬುದು ಎಲ್ಲೆಗೋರ್ಡನ ಊಹೆ. ನಮಗೆ ಇದು ಸುಲಭವಾಗಿ ಮನಸ್ಸಿಗೆ ಹಿಡಿಸುವ ಊಹೆ. ಹಿಡಿಸಿದ ಮಾತ್ರಕ್ಕೆ ಸಿದ್ಧಾಂತವಾಗುವುದಿಲ್ಲವೆನ್ನಿ.

ಅರ್ಥ ಹೋದ ಪದವನ್ನು ಮೊದಲು ಹಿಡಿದುಕೊಂಡವರು ಕವಿಗಳು. ಅವರಿಗೆ ಅದರಿಂದ ಎರಡು ಲಾಭ. ಒಂದು ಮಾತ್ರೆ ಕಡಮೆಯಾದಲ್ಲಿ ತುಂಬಬಹುದು; ಮುಖ್ಯ ಕ್ರಿಯಾಪದವನ್ನು ಪಾದದ ಕೊನೆಗೆ ತಳ್ಳಿ ಅಂತ್ಯಪ್ರಾಸವನ್ನು ಸಾಧಿಸಬಹುದು. ಸಂಸ್ಕೃತ ಕವಿಗಳಿಗೆ ತು, ಹಿ, ಚ, ವೈ ಮೊದಲಾದ ಪಾದಪೂರಣಗಳು ಇದ್ದಂತೆ ಇದು. ಅಲೆಗ್ಸಾಂಡರ್ ಪೋಪ್ ಕವಿಯು 1711ರಲ್ಲಿ ಪ್ರಕಟಿಸಿದ, ವಿಮರ್ಶೆಯನ್ನು ಕುರಿತ ತನ್ನ ಕಾವ್ಯದಲ್ಲಿ ಇಂಥ ಪಾದಪೂರಣಪ್ರಿಯರನ್ನು ಹಾಸ್ಯಮಾಡುತ್ತಾನೆ. ಹಾಸ್ಯಮಾಡುವ ಆ ಪಾದದಲ್ಲಿಯೇ ಬೇಕೆಂದು ಒಂದು ‘ಡು’ವನ್ನು ತುರುಕಿ, ಪಾದವು ಕುಂಟುವುದನ್ನು ಕಿವಿಗೇ ಕೇಳಿಸುತ್ತಾನೆ.

ಪೋಪನ ಕಾಲಕ್ಕೆ ಗದ್ಯದಲ್ಲಿ ಈ ಪದದ ಪಾಡು ಬೇರೆಯಾಗಿತ್ತು. ಹದಿನಾರನೆಯ ಶತಮಾನದಲ್ಲಿ ಅದು ಎಲ್ಲ ಬಗೆಯ ವಾಕ್ಯಗಳಲ್ಲಿಯೂ ನುಗ್ಗಲು ನೋಡಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಹೊಸ ರೀತಿಯೂ ಹಳೆಯ ರೀತಿಯೂ ಒಂದೇ ದೃಶ್ಯದೊಳಗೆ ಬೆರೆತು ಬರುತ್ತವೆ. ಆಮೇಲೆ ಒಂದು ವಿಂಗಡಣೆಯಾಯಿತು. ಸಾಮಾನ್ಯವಾದ ವಿಧಿವಾಕ್ಯಗಳಿಂದ ಅದು ಹಿಂದೆಗೆಯಿತು. ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಬೇರೂರಿತು. 1700ರ ಹೊತ್ತಿಗೆ ಬಹುಮಟ್ಟಿಗೆ ಇಂದಿನ ಸ್ಥಿತಿ ಕಾಣುತ್ತದೆ. ಯಾವ ರಾಜಾಜ್ಞೆಯೂ ಯಾವ ಪಂಡಿತ ಮಂಡಲಿಯೂ ಇದನ್ನು ಗೊತ್ತುಮಾಡಲಿಲ್ಲ.

ಹೀಗೇಕಾಯಿತು? ಮುಖ್ಯವಾದ ಒಂದು ಕಾರಣವನ್ನು ಕನ್ನಡಿಗನು ತನ್ನ ಭಾಷೆಯನ್ನು ನೋಡಿಯೇ ಗ್ರಹಿಸಬಹುದು. ‘ರಾಮನು ಭೀಮನನ್ನು ನೋಡಿದನು’, ‘ಭೀಮನನ್ನು ರಾಮನು ನೋಡಿದನು’, ಪದಗಳನ್ನು ಹೇಗೆ ಇಟ್ಟರೂ ನೋಡಿದವನು ರಾಮನೇ. ವಿಭಕ್ತಿ ಪ್ರತ್ಯಯ ಕಾವಲಿರುತ್ತದೆ. ಪ್ರಶ್ನೆ ಬೇಕಾದರೆ ‘ನೋಡಿದನೆ?’ ಎಂದು ಒಂದು ಸ್ವರವನ್ನು ಬಾಲಕ್ಕೆ ಹಚ್ಚಿದರಾಯಿತು. ಹಳೆಯ ಇಂಗ್ಲೀಷಿಗೂ ವಿಭಕ್ತಿಗಳ ಸಂಪತ್ತಿತ್ತು. ಅದು ಕರಗಿಹೋದ ಮೇಲೆ ಕರ್ತೃ ಯಾರು ಕರ್ಮ ಯಾರು ಎಂಬುದು ಕೇವಲ ಸ್ಥಾನದಿಂದ ತಿಳಿಯಬೇಕಾಯಿತು: ಕ್ರಿಯೆಗೆ ಹಿಂದೆ ಕರ್ತೃ, ಮುಂದೆ ಕರ್ಮ. ಅಂಥ ಭಾಷೆಯಲ್ಲಿ ಪ್ರಶ್ನೆಗಾಗಿ ಕ್ರಿಯಾಪದವನ್ನೇ ಎತ್ತಿ ವಾಕ್ಯದ ಬಾಗಿಲಿಗೆ ತಂದರೆ ರಾಮನೂ ಭೀಮನೂ ಒಂದೇ ಕಡೆ ಬಿದ್ದುಬಿಡುತ್ತಾರೆ. ಆಗ ‘ಡು’ ಒದಗಿತು. ಯಜಮಾನರು ತಮ್ಮ ತಮ್ಮ ಪೀಠಗಳಲ್ಲಿ ಕುಳಿತಿರುತ್ತಾರೆ. ಆಳು ಮಾತ್ರ ಎದ್ದು ಬಾಗಿಲಿಗೆ ಹೋಗಿ ಇದು ಪ್ರಶ್ನೆಯೆಂದು ಕೂಗಿ ಹೇಳುತ್ತಾನೆ. ‘ಹೂ ಕೇಮ್?’, ಯಾರು ಬಂದರು, ಎಂಬಲ್ಲಿ ‘ಡು’ ಬೇಡದಿರುವುದೂ ಇದರಿಂದಲೇ ತಿಳಿಯುತ್ತದೆ. ಪ್ರಶ್ನೆಯ ಪದವೇ ಕರ್ತೃವಾಗಿ ಬಾಗಿಲಲ್ಲಿಯೇ ನಿಂತಿರುವಾಗ ಆಳು ಏಳಬೇಕಾದುದೇನು?

ಆಳು ಎದ್ದು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ವಾಕ್ಯದ ಕಾಲವನ್ನೂ ಪುರುಷವನ್ನೂ ತಾನೇ ಹೊತ್ತುಕೊಳ್ಳುತ್ತಾನೆ. ಡು, ಡಸ್, ಡಿಡ್ ಎಂಬ ಭೇದವೆಲ್ಲ ಆ ಹೊರೆಯಿಂದ ಆದದ್ದು. ಹೊರೆ ಇಳಿದ ಮುಖ್ಯ ಕ್ರಿಯಾಪದ ಧಾತುರೂಪದಲ್ಲಿ ನಿರಾಳವಾಗಿ ಉಳಿಯುತ್ತದೆ. ‘ಡಿಡ್ ನಾಟ್ ವೆಂಟ್’ ಎಂಬುದು ಏಕೆ ಸಲ್ಲದೆಂದರೆ, ಭೂತಕಾಲವನ್ನು ‘ಡಿಡ್’ ಒಮ್ಮೆ ಹೊತ್ತಿದೆ. ‘ವೆಂಟ್’ ಅದನ್ನು ಮತ್ತೊಮ್ಮೆ ಹೊರುತ್ತದೆ.

ಇಲ್ಲಿ ಭಾಷಾಶಾಸ್ತ್ರಜ್ಞರು ಹೇಳುವ ಇನ್ನೊಂದು ವಿಚಾರ ಸ್ವಾರಸ್ಯವಾಗಿದೆ. ‘ಲವ್ಡ್’, ‘ವಾಕ್ಡ್’ ಮುಂತಾದ ಭೂತಕಾಲದ ರೂಪಗಳ ಕೊನೆಯಲ್ಲಿರುವ ಪ್ರತ್ಯಯವೇ ಬಹು ಹಿಂದೆ ‘ಡಿಡ್’ ಆಗಿದ್ದಿರಬೇಕೆಂದು ಅನೇಕರ ಅಭಿಪ್ರಾಯ. ಇಂಗ್ಲೀಷಿನ ಬಳಗದ ಗಾಥಿಕ್ ಎಂಬ ಭಾಷೆಯಿದೆ. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬಾತನು ಬೈಬಲನ್ನು ಆ ಭಾಷೆಗೆ ತಂದನು. ಅದರಲ್ಲಿ ‘ರಕ್ಷಿಸಿದೆವು’ ಎಂಬುದಕ್ಕೆ ‘ನಸಿದೇದುಮ್’ ಎಂಬ ರೂಪ ಬರುತ್ತದೆ. ಅದರ ಕೊನೆಯ ‘ದೇದುಮ್’ ನಮ್ಮ ‘ಡಿಡ್’ ಶಬ್ದದ ಸೋದರ ರೂಪವೆಂದು ಎಣಿಸುತ್ತಾರೆ. ‘ವೆಂಟ್’ ಎಂಬುದಾದರೋ ‘ಗೋ’ ಶಬ್ದದ ಸ್ವಂತ ಮಗುವೇ ಅಲ್ಲ. ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತಕಾಲ, ‘ಗೋ’ ಅದನ್ನು ದತ್ತು ತೆಗೆದುಕೊಂಡಿತು. ಅದರ ಕೊನೆಯ ಟಕಾರವೂ ಮೇಲೆ ಹೇಳಿದ ಪ್ರತ್ಯಯದ ಇನ್ನೊಂದು ವೇಷ. ಹಾಗಾದರೆ ‘ಡಿಡ್ ನಾಟ್ ವೆಂಟ್’ ಎಂದ ನನ್ನ ವಿದ್ಯಾರ್ಥಿ ತಾನರಿಯದೆ ‘ಡಿಡ್’ ಎಂಬುದನ್ನು ಎರಡು ಸಲ ಹೇಳಿದಂತಾಯಿತು.

ಆದರೆ ಹುಡುಗನಿಗೆ ಗಾಥಿಕ್ ಭಾಷೆಯ ಮಾತೇಕೆ? ಅವನ ಮನೆಯ ಮಾತಿನಲ್ಲಿಯೇ ಬೆಳಕಿತ್ತು. ಅದನ್ನು ಅಂದು ನಾನು ತೋರಿಸಲಿಲ್ಲ. ಕನ್ನಡದಲ್ಲಿ ‘ಹೋದನು’ ಎಂಬುದರ ನಿಷೇಧವೇನು? ‘ಹೋಗಲಿಲ್ಲ’. ಯಾವ ಮಗುವೂ ‘ಹೋದಲಿಲ್ಲ’ ಎನ್ನುವುದಿಲ್ಲ. ಹೋಗಲ್ ಎಂಬ ಬರಿಯ ರೂಪ, ಅದರ ಮುಂದೆ ಇಲ್ಲ. ‘ಹೋದ’ ಎಂಬಲ್ಲಿ ಇದ್ದ ಭೂತಕಾಲದ ದಕಾರವನ್ನು ನಾವು ಕಳಚಿಟ್ಟೇ ‘ಇಲ್ಲ’ವನ್ನು ಹತ್ತಿರಕ್ಕೆ ಬಿಡುತ್ತೇವೆ. ‘ಡಿಡ್ ನಾಟ್ ಗೋ’ ಎಂಬುದೂ ಇದೇ: ‘ಗೋ’ ಎಂದರೆ ಹೋಗಲ್, ‘ಡಿಡ್ ನಾಟ್’ ಎರಡೂ ಕೂಡಿ ನಮ್ಮ ‘ಇಲ್ಲ’. ‘ಡು’ ಎಂದರೆ ಮಾಡು ಎಂದು ಕಲಿಸಿದ್ದರಿಂದ ಹುಡುಗನು ವಾಕ್ಯದಲ್ಲಿ ಮಾಡುವಿಕೆಯನ್ನು ಹುಡುಕಿದನು. ‘ಡು ನಾಟ್’, ‘ಡಿಡ್ ನಾಟ್’ ಎಂಬವನ್ನು ಒಡೆಯದೆ ‘ಇಲ್ಲ’ ಎಂದು ಕಲಿಸಿದ್ದರೆ ಅವನು ‘ವೆಂಟ್’ ಬರೆಯುತ್ತಿದ್ದನೆ?

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಭಾಷೆಗೂ ಒಂದು ಹಳೆಯ ನಿಷೇಧರೂಪವಿತ್ತು. ಕೇಶಿರಾಜನ ಕಾಲದ ಕನ್ನಡದಲ್ಲಿ ‘ನೋಡೆಂ’ ಎಂದರೆ ಸಾಕು. ನೋಡಲಿಲ್ಲ, ನೋಡುವುದಿಲ್ಲ, ಮುಂದೆಯೂ ನೋಡೆನು ಎಂಬ ಮೂರು ಕಾಲಗಳೂ ಅದರಲ್ಲಿ ಅಡಗಿದ್ದುವು. ಕಾಲವನ್ನು ಬಿಡಿಸಿ ಹೇಳಬೇಕೆಂಬ ಅಗತ್ಯ ಬಂದಾಗ ಹೊಸಗನ್ನಡ ‘ಇಲ್ಲ’ವನ್ನು ಕೂಡಿಸಿಕೊಂಡು ಬೇರೆ ಬೇರೆ ರೂಪಗಳನ್ನು ಕಟ್ಟಿಕೊಂಡಿತು. ಹಳೆಯದು ಪೂರ್ತಿಯಾಗಿ ಹೋಯಿತೆ? ಇಲ್ಲ. ‘ಅರಿಯೆ’, ‘ಒಲ್ಲೆ’, ‘ಕಾಣೆ’ ಎಂಬ ಕೆಲವು ಮಾತುಗಳಲ್ಲಿ ಉಳಿಯಿತು. ಇಂಗ್ಲೀಷಿನಲ್ಲಿಯೂ ‘ಡು’ ಎಲ್ಲೆಡೆ ಗೆದ್ದ ಮೇಲೆ ಬಹುಕಾಲ ಅದಕ್ಕೆ ತಲೆಬಾಗದಿದ್ದ ಕ್ರಿಯಾಪದಗಳ ಪೈಕಿ ಮುಖ್ಯವಾದುದು ‘ನೋ’, ಅರಿ ಎಂಬುದೇ. ‘ಐ ನೋ ನಾಟ್’ ಎಂಬುದು ಹದಿನೆಂಟನೆಯ ಶತಮಾನದವರೆಗೂ ಸಾಮಾನ್ಯವಾಗಿತ್ತು. ತಿಳಿಯದು ಎಂದು ಹೇಳುವಾಗ ಮಾತ್ರ ಎರಡು ಜನಾಂಗಗಳೂ ಅಜ್ಜನ ಕಾಲದ ಮಾತಿಗೆ ಜೋತುಬಿದ್ದುದು ಏಕೋ!

ವಿಧಿವಾಕ್ಯದಿಂದ ‘ಡು’ ಹಿಂದೆಗೆಯಿತೆಂದೆನಲ್ಲ, ಅದಕ್ಕೆ ಒಂದು ಅಪವಾದವಿದೆ. ಎದುರಾಳಿ ‘ನೀನು ಹಣ ಕೊಡಲಿಲ್ಲ’ ಎಂದಾಗ ಇಂಗ್ಲೀಷಿನವನು ಒತ್ತಿ ‘ಐ ಡಿಡ್ ಪೇ’ ಎನ್ನುತ್ತಾನೆ. ಇದನ್ನು ಕನ್ನಡಕ್ಕೆ ತರುವಾಗ ‘ಹಣ ಕೊಟ್ಟೆ’ ಎಂದರೆ ಸಪ್ಪೆ. ‘ಕೊಟ್ಟದ್ದುಂಟು’ ಎನ್ನಬೇಕು. ಇಲ್ಲ ಎಂಬುದಕ್ಕೆ ಎದುರಾಗಿ ನಿಲ್ಲುವುದು ಉಂಟು. ‘ಡಿಡ್ ನಾಟ್’ ನಮ್ಮ ಇಲ್ಲವಾದರೆ ಒತ್ತಿ ಹೇಳಿದ ‘ಡಿಡ್’ ನಮ್ಮ ಉಂಟು. ಒತ್ತಿಲ್ಲದ ಹಳೆಯ ‘ಡು’ ಕಾನೂನಿನ ಭಾಷೆಯಲ್ಲಿ ಈಗಲೂ ಗಾಂಭೀರ್ಯಕ್ಕಾಗಿ ನಿಂತಿದೆ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವ ಪ್ರಮಾಣವಚನದ ಇಂಗ್ಲೀಷು ಪಾಠವನ್ನು ನೋಡಿ: ಮಂತ್ರಿಯಾಗುವವನು ‘ಸ್ವೇರ್’ ಎಂದಷ್ಟೇ ಹೇಳುವುದಿಲ್ಲ, ‘ಡು ಸ್ವೇರ್’ ಎನ್ನುತ್ತಾನೆ.

ಈ ಆಳು ಮಾಡುವ ಕೊನೆಯ ಕೆಲಸ ಯಜಮಾನನ ಪ್ರತಿನಿಧಿಯಾಗುವುದು. ಹಿಂದೆ ಬಂದ ಕ್ರಿಯಾಪದವನ್ನು ಪುನಃ ಹೇಳುವ ಬದಲು ‘ಸೋ ಡು ಐ’ ಎಂದರೆ, ನಾನೂ ಅಷ್ಟೆ ಎಂದಾಯಿತು. ವಾಕ್ಯದ ಬಾಲಕ್ಕೆ ಹಚ್ಚುವ ‘ಡಸಂಟ್ ಹಿ?’, ‘ಡಿಡಂಟ್ ದೆ?’ ಎಂಬುವೂ ಈ ಜಾತಿಯವು. ಕನ್ನಡದಲ್ಲಿ ಇದೆಲ್ಲಕ್ಕೂ ‘ಅಲ್ಲವೆ?’ ಎಂಬುದೊಂದೇ ಸಾಕು. ಕಾಲ, ಲಿಂಗ, ವಚನಗಳ ಯೋಚನೆಯಿಲ್ಲ. ನಮ್ಮವರು ಆ ಅನುಕೂಲವನ್ನು ಬಿಡಲಾರದೆ ಎಲ್ಲ ವಾಕ್ಯಗಳಿಗೂ ‘ಇಸಂಟ್ ಇಟ್?’ ಎಂದು ಬಾಲ ಕಟ್ಟುತ್ತಾರೆ. ಇದರಿಂದ ಕಿವಿ ನೋಯುವುದಲ್ಲದೆ ಬೇರೆ ಹಾನಿಯಿಲ್ಲ. ಹಾನಿಯಿರುವುದು ಉತ್ತರದಲ್ಲಿ.

ಅದೇ ಹುಡುಗನು ಆ ವರ್ಷ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದನು. ಸಮಿತಿಯೊಂದರ ಮುಂದೆ ಅವನನ್ನು ಕರೆದು ಇಂಗ್ಲೀಷಿನಲ್ಲಿ ಪ್ರಶ್ನಿಸಿದರು. ಬೇರೆ ಯಾವ ವೇತನವೂ ನಿನಗೆ ಬರುವುದಿಲ್ಲವೆ ಎಂಬರ್ಥದಲ್ಲಿ ‘ಡು ಯು ನಾಟ್ ರಿಸೀವ್ ಎನಿ ಅದರ್ ಸ್ಕಾಲರ್‌ಷಿಪ್?’ ಎಂದು ಕೇಳಿದರಂತೆ. ಹುಡುಗನು ‘ಯೆಸ್, ಸರ್’ ಎಂದನು. ಅವನ ಮನಸ್ಸಿನಲ್ಲಿದ್ದುದು, ‘ಹೌದು, ಬರುವುದಿಲ್ಲ’. ಸಮಿತಿಯವರು ಬರೆದುಕೊಂಡದ್ದು, ಬರುತ್ತದೆ ಎಂದು. ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಕಾರಣ ತಿಳಿದಾಗ ಅವನು ನನ್ನ ಬಳಿಗೆ ಬಂದನು. ನಾನು ಒಂದು ಕಾಗದ ಬರೆದೆ. ಆ ವರ್ಷದ ಹಣ ಹಂಚಿ ಮುಗಿದಿದೆಯೆಂದು ಉತ್ತರ ಬಂದಿತು. ಅವನು ಎರಡು ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಆ ವರ್ಷವನ್ನು ಕಳೆದನು.

ಯಾರ ತಪ್ಪೆಂದು ಹೇಳಬೇಕು? ಕನ್ನಡದ ‘ಹೌದು’ ಪ್ರಶ್ನೆ ಕೇಳಿದವನ ಮಾತಿಗೆ ಒಪ್ಪಿಗೆ: ನೀನು ಹೇಳಿದ್ದು ಸರಿ. ಇಂಗ್ಲೀಷಿನ ‘ಯೆಸ್’ ಕೇಳಿದವನ ಮಾತನ್ನು ಲೆಕ್ಕಿಸುವುದೇ ಇಲ್ಲ. ತನ್ನ ಹಿಂದೆ ಬರುವ ‘ಐ ಡು’ ಎಂಬುದನ್ನು ಮಾತ್ರ ನೋಡುತ್ತದೆ. ‘ಯೆಸ್’ ಎಂದರೆ ‘ಐ ಡು’, ‘ನೋ’ ಎಂದರೆ ‘ಐ ಡು ನಾಟ್’. ಪ್ರಶ್ನೆ ಹೇಗೆಯೇ ಇರಲಿ. ಇಂಗ್ಲೀಷಿನವರಿಗೂ ಒಂದು ಕಾಲದಲ್ಲಿ ಈ ವಿಷಯದಲ್ಲಿ ಹೆಚ್ಚು ನಾಜೂಕಿತ್ತು. ನೇರವಾದ ಪ್ರಶ್ನೆಗೆ ‘ಯೇ’, ‘ನೇ’; ನಿಷೇಧವಿರುವ ಪ್ರಶ್ನೆಗೆ ‘ಯೆಸ್’, ‘ನೋ’ ಎಂದು ನಾಲ್ಕು ಮಾತುಗಳಿದ್ದುವು. ಟಿಂಡೇಲನು ತನ್ನ ಬೈಬಲಿನ ಅನುವಾದದಲ್ಲಿ ಈ ಭೇದವನ್ನು ಕೆಡಿಸಿದನೆಂದು ಸರ್ ಥಾಮಸ್ ಮೋರ್ 1532ರಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡನು. ಭೇದವೇ ಮುಂದೆ ಅಳಿದುಹೋಯಿತು. ನಮ್ಮ ನ್ಯಾಯಸ್ಥಾನಗಳಲ್ಲಿ, ಆಸ್ಪತ್ರೆಗಳಲ್ಲಿ, ಪರೀಕ್ಷಾಮಂಡಲಿಗಳಲ್ಲಿ ಕನ್ನಡಿಗರನ್ನು ಇಂಗ್ಲೀಷಿನಲ್ಲಿ ಪ್ರಶ್ನಿಸುವವರು ‘ಡು ಯು ನಾಟ್’ ಎಂದು ಆರಂಭಿಸದೆ ‘ಡು ಯು’ ಎಂದು ಕೇಳಿದರೆ ಸಾಕಾಗಿತ್ತು. ಉತ್ತರ ಹೇಳುವವರು ಬರಿಯ ‘ಯೆಸ್’ ಎಂದು ನಿಲ್ಲಿಸದೆ, ಆಳನ್ನು ಜತೆಗೆ ಕರೆದುಕೊಂಡು ‘ನೋ, ಐ ಡು ನಾಟ್’ ಎಂದು ಪೂರ್ತಿ ಹೇಳುವುದು ಕ್ಷೇಮ.

ಮರುವರ್ಷ ಹುಡುಗನಿಗೆ ವೇತನ ದೊರೆಯಿತು. ಅದನ್ನು ಹೇಳಲು ಮನೆಗೆ ಬಂದಿದ್ದಾಗ ಅವನ ಹಳೆಯ ಪ್ರಶ್ನೆಯನ್ನು ನಾನೇ ಎತ್ತಿ, ಇಲ್ಲಿ ಹೇಳಿದುದನ್ನೆಲ್ಲ ಹೇಳಿದೆ. ‘ಐ ಡು ನಾಟ್ ನೋ’ ಎಂದಾಗ ನೀನು ಏನನ್ನೂ ಮಾಡುವುದಿಲ್ಲ, ಅರಿಯೆ ಎಂದು ಹೇಳುತ್ತೀಯೆ, ಅಷ್ಟೇ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ‘ಹೌ ಡು ಯು ಡು’ ಎಂಬಲ್ಲಿ, ಸಾರ್?” ಎಂದನು. ಮೊದಲನೆಯದು ಆಳು, ಎರಡನೆಯದು ಯಜಮಾನ. ನಿಮ್ಮ ಯೋಗಕ್ಷೇಮ ಹೇಗೆ ನಡೆದಿದೆ ಎಂದರ್ಥ ಎಂದು ಹೇಳಿದೆ. “ಅದಕ್ಕೆ ಉತ್ತರವಾಗಿ ಏನು ಹೇಳಬೇಕು?” ಎಂದು ಕೇಳಿದನು. ಇಂಗ್ಲೀಷಿನವರ ಹಳೆಯ ಶಿಷ್ಟಾಚಾರದ ಪ್ರಕಾರ ಅದಕ್ಕೆ ಉತ್ತರ ಹೇಳುವಂತಿಲ್ಲ, ಅದೇ ಪ್ರಶ್ನೆಯನ್ನು ತಿರುಗಿ ಕೇಳಬೇಕು ಎಂದೆ. ಈ ಸಲ ಹುಡುಗನು ಮೊದಲು ನಕ್ಕನು.